ರಾಬೆನ್ ದ್ವೀಪದ ಸೆರೆಮನೆ ಪ್ರವಾಸ: ಮಂಡೇಲಾ ಅವರ ರಾಜಕಾರಣ ಇಲ್ಲಿ ಎಷ್ಟು ದಕ್ಕುತ್ತದೆ?

ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ನೆಲ್ಸನ್ ಮಂಡೇಲಾ ಅವರು ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷಗಳನ್ನು ಕಳೆದದ್ದು ರಾಬೆನ್ ದ್ವೀಪದಲ್ಲಿ. ಕೇಪ್‌ಟೌನ್ ಬಂದರಿನಿಂದ ಆ ದ್ವೀಪಕ್ಕೆ ಕರೆದೊಯ್ದು, ಸೆರೆಮನೆಯನ್ನು ತೋರಿಸಿ, ಮತ್ತೆ ಬಂದರಿಗೆ ತಂದು ಬಿಡುವ ಪ್ರವಾಸವನ್ನು ಅಲ್ಲಿನ ವಸ್ತುಸಂಗ್ರಹಾಲಯವೇ ನಡೆಸುತ್ತದೆ. ಟೇಬಲ್ ಮೌಂಟನ್ ಹತ್ತಿ ಇಳಿದವರು ಮರುದಿನ ಮಾಡಲೇಬೇಕಾದ ಕೆಲಸವೆಂಬಂತೆ ಇದು ಹೆಸರಾಗಿದೆ. ಆದರೆ ಸುಮ್ಮನೆ ನೋಡಿ ಬರುವುದು ಬೇರೆ, ಮಂಡೇಲಾ ಅವರ ಬದುಕನ್ನೂ ರಾಜಕಾರಣವನ್ನೂ ಅರಿಯಬೇಕೆಂದು ಹೋಗುವುದು ಬೇರೆ. ಎರಡನೆಯ ಬಗೆಯವರಿಗಾಗಿ ಈ ವಿಮರ್ಶೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ರವಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಭಾಗ ಮಂಡೇಲಾ ಇದ್ದ ಕೋಣೆ, ಅತ್ಯಂತ ಬೆಲೆಯುಳ್ಳ ಭಾಗ ಅದೇ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸಿದ ಮಾಜಿ ಕೈದಿಯೊಬ್ಬರು ಎದುರು ನಿಂತು ಹೇಳುವ ಮಾತು. ಟಿಕೆಟಿನ ಹಣ ಸಾರ್ಥಕವಾಗುವುದು ಆ ಮಾತಿಗೆ.

ವ್ಯವಸ್ಥೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ದೋಣಿಗಳು ಹೊರಡುವುದು ವಿ ಆ್ಯಂಡ್ ಎ ವಾಟರ್‌ಫ್ರಂಟ್‌ನಲ್ಲಿ ಗಡಿಯಾರ ಗೋಪುರದ ಪಕ್ಕದಲ್ಲಿರುವ ‘ನೆಲ್ಸನ್ ಮಂಡೇಲಾ ಗೇಟ್‌ವೇ’ ಎಂಬ ಕಟ್ಟಡದಿಂದ. ದ್ವೀಪಕ್ಕೆ ಖಾಸಗಿಯಾಗಿ ಹೋಗಿ ಸೆರೆಮನೆ ನೋಡುವ ದಾರಿಯಿಲ್ಲ. ಟಿಕೆಟಿನಲ್ಲಿ ದೋಣಿ, ಬಸ್ಸು, ಮಾರ್ಗದರ್ಶನ ಎಲ್ಲವೂ ಸೇರಿರುತ್ತವೆ. ವಿದೇಶಿಯರಿಗೆ ದರ ಸ್ಥಳೀಯರಿಗಿಂತ ಹೆಚ್ಚು. ಹೋಗಿ ಬರುವುದಕ್ಕೆ ಒಟ್ಟು ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಸಮುದ್ರಯಾನಕ್ಕೆ ದೋಣಿಯನ್ನು ಅವಲಂಬಿಸಿ ಅರ್ಧ ಗಂಟೆಯಿಂದ ಸುಮಾರು ಒಂದು ಗಂಟೆ. ಗಾಳಿ ಹೆಚ್ಚಾದರೆ, ಮಂಜು ಕವಿದರೆ ದೋಣಿ ಹೊರಡುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ಅಟ್ಲಾಂಟಿಕ್ ಸಾಗರದ ಸ್ವಭಾವ. ಆದ್ದರಿಂದ ಕೇಪ್‌ಟೌನಿನಲ್ಲಿ ನಾಲ್ಕು ದಿನ ಇರುವವರು ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಮೊದಲ ದಿನಗಳಲ್ಲೇ ಕಾಯ್ದಿರಿಸುವುದು ಜಾಣತನ. ಬೇಸಿಗೆಯಲ್ಲೂ ದೋಣಿಯ ಮೇಲಂತಸ್ತಿನಲ್ಲಿ ಚಳಿ ಹಿಡಿಯುತ್ತದೆ. ಸಮುದ್ರಯಾನದಲ್ಲಿ ಹೊಟ್ಟೆ ತೊಳಸುವವರು ಕೆಳಗೆ, ಹಿಂಬದಿಯಲ್ಲಿ ಕೂರುವುದು ಮೇಲು.

ಈ ಪ್ರವಾಸವು ನೋಡುಗರಿಂದ ಒಂದಿಷ್ಟು ಪೂರ್ವಸಿದ್ಧತೆಯನ್ನು ನಿರೀಕ್ಷಿಸುತ್ತದೆ. ದ್ವೀಪದಲ್ಲಿ ಕಥೆ ಆರಂಭವಾಗುವುದು ಕೈದಿಯಿಂದ; ಆ ಕೈದಿ ಯಾರಾಗಿದ್ದರು ಎಂಬುದನ್ನು ನಾವೇ ಹೊತ್ತುಕೊಂಡು ಹೋಗಬೇಕು. ಮಂಡೇಲಾ ಹುಟ್ಟಿದ್ದು 1918ರ ಜುಲೈ 18ರಂದು, ಪೂರ್ವ ಕೇಪ್ ಪ್ರಾಂತದ ಮ್ವೆಜೊ ಎಂಬ ಹಳ್ಳಿಯಲ್ಲಿ, ಥೆಂಬು ರಾಜಮನೆತನಕ್ಕೆ ಸೇರಿದ ಕುಟುಂಬದಲ್ಲಿ. ಫೋರ್ಟ್ ಹೇರ್ ಕಾಲೇಜಿನಿಂದ ವಿದ್ಯಾರ್ಥಿ ಚಳವಳಿಯ ಕಾರಣಕ್ಕೆ ಹೊರಬಿದ್ದು, ಮನೆಯವರು ಗೊತ್ತುಮಾಡಿದ ಮದುವೆಯಿಂದ ತಪ್ಪಿಸಿಕೊಂಡು 1941ರಲ್ಲಿ ಜೊಹಾನ್ಸ್‌ಬರ್ಗ್ ಸೇರಿದ ಅವರು, ಅಲ್ಲಿ ವಾಲ್ಟರ್ ಸಿಸುಲು ಅವರ ಒಡನಾಟದಲ್ಲಿ ರಾಜಕಾರಣಕ್ಕೆ ಬಂದರು. 1944ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ (ಎಎನ್‌ಸಿ) ಯುವದಳದ ಸ್ಥಾಪಕರಲ್ಲಿ ಒಬ್ಬರಾದರು, 1952ರ ಕಾನೂನುಭಂಗ ಚಳವಳಿಯ ಸಂಘಟಕರಾದರು, ಅದೇ ವರ್ಷ ಆಲಿವರ್ ಟ್ಯಾಂಬೊ ಜೊತೆ ವಕೀಲಿ ಕಚೇರಿ ತೆರೆದರು. 1956ರಲ್ಲಿ ಬಂಧಿತರಾದ 156 ಮಂದಿಯ ಮೇಲೆ ಹೂಡಿದ ರಾಜದ್ರೋಹದ ಮೊಕದ್ದಮೆ 1961ರವರೆಗೆ ಎಳೆದು ಕೊನೆಗೆ ಖುಲಾಸೆಯಲ್ಲಿ ಮುಗಿಯಿತು. ಅಷ್ಟರಲ್ಲಿ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾಗಿ, ಎಎನ್‌ಸಿ ನಿಷೇಧಕ್ಕೆ ಒಳಗಾಗಿತ್ತು. ಶಾಂತಿಯುತ ಹೋರಾಟಕ್ಕೆ ಎಲ್ಲ ಬಾಗಿಲುಗಳೂ ಮುಚ್ಚಿವೆ ಎಂದು ತೀರ್ಮಾನಿಸಿದ ಮಂಡೇಲಾ, 1961ರಲ್ಲಿ ‘ಉಮ್ಖೊಂಟೊ ವೆ ಸಿಜ್ವೆ’ ಎಂಬ ಸಶಸ್ತ್ರ ದಳವನ್ನು ಕಟ್ಟಿದವರಲ್ಲಿ ಮುಖ್ಯರು. 1962ರ ಆಗಸ್ಟಿನಲ್ಲಿ ಹೊವಿಕ್ ಬಳಿಯ ರಸ್ತೆಯಲ್ಲಿ ಸಿಕ್ಕಿಬಿದ್ದರು. ಮರುವರ್ಷ ದಳದ ಅಡಗುತಾಣವಾಗಿದ್ದ ಲಿಲಿಸ್‌ಲೀಫ್ ತೋಟದ ಮೇಲೆ ನಡೆದ ದಾಳಿಯಲ್ಲಿ ಸಂಗಾತಿಗಳೂ ದಾಖಲೆಗಳೂ ಪೊಲೀಸರ ಕೈವಶವಾದ ಮೇಲೆ ನಡೆದದ್ದೇ ರಿವೋನಿಯಾ ವಿಚಾರಣೆ. 1964ರ ಜೂನ್ 12ರಂದು ಜೀವಾವಧಿ ಶಿಕ್ಷೆಯಾಯಿತು. ಮರುದಿನವೇ ಅವರು ದ್ವೀಪದಲ್ಲಿದ್ದರು. ಆಗ ಅವರಿಗೆ 45 ವರ್ಷ.

ಇಷ್ಟು ತಿಳಿದು ಹೋದವರಿಗೂ ತಿಳಿಯದೆ ಹೋದವರಿಗೂ ಪ್ರವಾಸದ ರುಚಿ ಒಂದೇ ಆಗಿರುವುದಿಲ್ಲ. ಗೇಟ್‌ವೇ ಕಟ್ಟಡದಲ್ಲಿ ಪ್ರದರ್ಶನ ಇದೆ, ಆದರೆ ದೋಣಿ ತಪ್ಪೀತೆಂಬ ಆತಂಕದಲ್ಲಿ ಹೆಚ್ಚಿನವರು ಅದನ್ನು ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಸ್ವಲ್ಪ ಬೇಗ ಬಂದು ಅಲ್ಲಿ ನಿಂತು ಓದುವುದು ಲಾಭದಾಯಕ.

ದ್ವೀಪದಲ್ಲಿ ಎರಡು ಭಾಗಗಳು: ಬಸ್ಸಿನಲ್ಲಿ ಒಂದು ಸುತ್ತು, ಕಾಲ್ನಡಿಗೆಯಲ್ಲಿ ಸೆರೆಮನೆ. ಬಸ್ಸಿನ ಸುತ್ತು ನಿಜಕ್ಕೂ ದ್ವೀಪದ ನೂರಾರು ವರ್ಷಗಳ ಚರಿತ್ರೆ. ಕುಷ್ಠರೋಗಿಗಳ ಸಮಾಧಿಗಳು, ಅವರಿಗಾಗಿ ಕಟ್ಟಿದ ಚರ್ಚು, ಎರಡನೆಯ ಮಹಾಯುದ್ಧದ ಫಿರಂಗಿಗಳು, ದಾರಿಯ ಬದಿಯಲ್ಲಿ ಗಂಭೀರವಾಗಿ ನಿಂತ ಪೆಂಗ್ವಿನ್‌ಗಳು. ನಗರಕ್ಕೆ ಬೇಡವಾದವರನ್ನೆಲ್ಲ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ತಂದಿರಿಸಿದ ಜಾಗ ಇದು. ಈ ಸುತ್ತಿನಲ್ಲಿ ಮನಸ್ಸಿಟ್ಟು ನೋಡಬೇಕಾದವು ಎರಡು. ಒಂದು, ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ಸಿನ ನಾಯಕ ರಾಬರ್ಟ್ ಸೊಬುಕ್ವೆ ಅವರನ್ನು ಇರಿಸಿದ್ದ ಒಂಟಿ ಮನೆ. ಮೂರು ವರ್ಷಗಳ ಶಿಕ್ಷೆ ಮುಗಿದ ಮೇಲೂ ಅವರನ್ನು ಬಿಡಬಾರದೆಂದು ಅಲ್ಲಿನ ಸಂಸತ್ತು ಅವರೊಬ್ಬರಿಗಾಗಿಯೇ ಕಾನೂನಿನಲ್ಲಿ ಒಂದು ಷರತ್ತು ಸೇರಿಸಿ, ವರ್ಷ ವರ್ಷವೂ ನವೀಕರಿಸುತ್ತ 1969ರವರೆಗೆ ಇಲ್ಲಿ ಇಟ್ಟಿತು. ಉಳಿದ ಕೈದಿಗಳೊಡನೆ ಮಾತಾಡಲೂ ಅವರಿಗೆ ಅವಕಾಶವಿರಲಿಲ್ಲ. ಮಂಡೇಲಾ ಅವರಿಗೆ ದ್ವೀಪದಲ್ಲಿ ಸಂಗಾತಿಗಳಿದ್ದರು, ವಾದ ಮಾಡಲು ಎದುರಾಳಿಗಳಿದ್ದರು. ಸೊಬುಕ್ವೆ ಅವರಿಗೆ ಅದೂ ಇರಲಿಲ್ಲ. ಇದೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ಮಂಡೇಲಾ ಅವರ ಸೆರೆವಾಸದ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. ಈ ಮನೆಯ ಮುಂದೆ ಬಸ್ಸು ಇನ್ನಷ್ಟು ಹೊತ್ತು ನಿಂತಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಆಸೆ.

ಎರಡನೆಯದು ಸುಣ್ಣದ ಕಲ್ಲಿನ ಗಣಿ. ಹೊರಗಿನಿಂದ ನೋಡಿದರೆ ಬಿಳಿಯ ಒಂದು ದೊಡ್ಡ ಹಳ್ಳ, ಅಷ್ಟೇ. ಆದರೆ ಬಿಸಿಲು ಬಿದ್ದಾಗ ಆ ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಬಸ್ಸಿನ ಗಾಜಿನ ಒಳಗೆ ಕುಳಿತವರೂ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿಯುತ್ತಾರೆ. ಮಂಡೇಲಾ ಮತ್ತು ಸಂಗಡಿಗರನ್ನು ಇಲ್ಲಿಗೆ 1965ರಲ್ಲಿ ತಂದಾಗ ಕೆಲಸ ಆರು ತಿಂಗಳದ್ದೆಂದು ಹೇಳಲಾಗಿತ್ತು. ಅದು ಸುಮಾರು 13 ವರ್ಷ ನಡೆಯಿತು. ಕಪ್ಪು ಕನ್ನಡಕ ಬೇಕೆಂಬ ಬೇಡಿಕೆ ವರ್ಷಗಟ್ಟಲೆ ತಿರಸ್ಕೃತವಾಯಿತು. ಮಂಡೇಲಾ ಅವರ ಕಣ್ಣುಗಳಿಗೆ ಆದ ಹಾನಿ ಕೊನೆಯವರೆಗೂ ಉಳಿಯಿತು. ಅಧ್ಯಕ್ಷರಾದ ಮೇಲೂ ಅವರ ಮುಂದೆ ಕ್ಯಾಮೆರಾದ ಫ್ಲ್ಯಾಶ್ ಬಳಸಬಾರದೆಂದು ಛಾಯಾಗ್ರಾಹಕರನ್ನು ಕೇಳಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಗಣಿಯ ಅಂಚಿನಲ್ಲಿ ಒಂದು ಗುಹೆಯಿದೆ. ಕೈದಿಗಳು ಶೌಚಕ್ಕೂ ನೆರಳಿಗೂ ಬಳಸುತ್ತಿದ್ದ ಆ ಗುಹೆಯಲ್ಲಿಯೇ ಇತಿಹಾಸ, ಅರ್ಥಶಾಸ್ತ್ರ, ಪಕ್ಷದ ಚರಿತ್ರೆಯ ಪಾಠಗಳೂ ನಡೆದವು, ಅಕ್ಷರ ಬಾರದವರು ಕಲಿತರು. ಪಕ್ಕದಲ್ಲಿರುವ ಕಲ್ಲಿನ ಗುಡ್ಡೆ 1995ರಲ್ಲಿ ಮಾಜಿ ಕೈದಿಗಳು ಮತ್ತೆ ಇಲ್ಲಿ ಸೇರಿದಾಗ ಬೆಳೆದದ್ದು. ಅಧ್ಯಕ್ಷರಾಗಿದ್ದ ಮಂಡೇಲಾ ಮೊದಲ ಕಲ್ಲನ್ನು ಇಟ್ಟರು, ಉಳಿದವರು ಒಬ್ಬೊಬ್ಬರಾಗಿ ಬಂದು ಬಣ್ಣಬಣ್ಣದ, ಬೇರೆಬೇರೆ ಆಕಾರದ ಕಲ್ಲುಗಳನ್ನು ಸೇರಿಸಿದರು. ಇದಕ್ಕೆ ಫಲಕ, ಬೇಲಿ, ದೀಪ ಎಂದು ಅಲಂಕಾರ ಮಾಡದೆ ಹಾಗೆಯೇ ಬಿಟ್ಟಿರುವುದು ನನಗೆ ತುಂಬ ಹಿಡಿಸಿತು.

ಬಸ್ಸಿನಲ್ಲಿ ವಿವರಣೆ ಕೊಡುವವರು ಒಬ್ಬರು, ಸೆರೆಮನೆಯೊಳಗೆ ನಮ್ಮನ್ನು ಬರಮಾಡಿಕೊಳ್ಳುವವರು ಇನ್ನೊಬ್ಬರು. ಈ ಎರಡನೆಯವರು ಮಾಜಿ ರಾಜಕೀಯ ಕೈದಿ. ಪ್ರವಾಸದ ಪ್ರಾಣ ಇರುವುದು ಇವರಲ್ಲಿ. ನಮ್ಮ ತಂಡವನ್ನು ಒಂದು ದೊಡ್ಡ ಸಾಮೂಹಿಕ ಕೋಣೆಯಲ್ಲಿ ಗೋಡೆಗುಂಟ ಇರುವ ಬೆಂಚುಗಳ ಮೇಲೆ ಕೂರಿಸಿ, ಮಾರ್ಗದರ್ಶಕರು ತಮ್ಮ ಮೇಲಿದ್ದ ಆರೋಪ, ವಿಚಾರಣೆ, ಶಿಕ್ಷೆಯ ಅವಧಿಗಳನ್ನು ಬ್ಯಾಂಕಿನ ಖಾತೆಯ ವಿವರ ಓದುವ ಧಾಟಿಯಲ್ಲಿ ಹೇಳಿದರು. ಸ್ವರ ಏರಲಿಲ್ಲ, ಕಣ್ಣು ತೇವವಾಗಲಿಲ್ಲ. ಯಾರೋ ಒಬ್ಬರು ಮುಂದಿನ ಸಾಲಿನಿಂದ ಚಿತ್ರಹಿಂಸೆಯ ಬಗ್ಗೆ ಕೇಳಿದಾಗ ಅವರು ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ, ಊಟದ ವಿಷಯಕ್ಕೆ ಬಂದರು. ಆ ಆಯ್ಕೆ ಸರಿಯಾಗಿತ್ತೆಂದು ಮುಂದಿನ ಕೆಲವೇ ನಿಮಿಷಗಳಲ್ಲಿ ಗೊತ್ತಾಯಿತು.

ಅಲ್ಲಿ ಪ್ರದರ್ಶಿಸಿರುವ ಆಹಾರದ ಪಟ್ಟಿಯನ್ನು ಯಾರೂ ಓದದೆ ಮುಂದೆ ಹೋಗಬಾರದು. ಅದರಲ್ಲಿ ಎರಡು ಅಂಕಣಗಳಿವೆ: ಒಂದು ಮಿಶ್ರವರ್ಣೀಯರು ಮತ್ತು ಏಷ್ಯನ್ನರಿಗೆ, ಇನ್ನೊಂದು ಆಫ್ರಿಕನ್ನರಿಗೆ. ಮೊದಲನೆಯವರಿಗೆ ಬ್ರೆಡ್ಡು ಇದೆ, ಜಾಮ್ ಇದೆ. ಎರಡನೆಯವರಿಗೆ ಅವೆರಡೂ ಇಲ್ಲ. ಉಳಿದದ್ದು ಔನ್ಸಿನ ಲೆಕ್ಕ. ಒಂದೇ ಅಪರಾಧಕ್ಕೆ, ಒಂದೇ ನ್ಯಾಯಾಲಯದಲ್ಲಿ, ಒಂದೇ ದಿನ ಜೀವಾವಧಿ ಶಿಕ್ಷೆ ಪಡೆದು ಬಂದವರ ನಡುವೆಯೂ ಈ ಗೆರೆ ಎಳೆಯಲಾಗಿತ್ತು. ರಿವೋನಿಯಾ ವಿಚಾರಣೆಯಿಂದ ದ್ವೀಪಕ್ಕೆ ಬಂದ ಕೈದಿಗಳಲ್ಲಿ ಭಾರತೀಯ ಮೂಲದವರಾದ ಅಹ್ಮದ್ ಕತ್ರಾಡಾ ಎಲ್ಲರಿಗಿಂತ ಕಿರಿಯರು. ದ್ವೀಪಕ್ಕೆ ಬಂದಾಗ ಅವರಿಗೆ ಉದ್ದನೆಯ ಪ್ಯಾಂಟು, ಕಾಲುಚೀಲ ಸಿಕ್ಕವು. ಅವರಿಗಿಂತ ಹತ್ತು ವರ್ಷಕ್ಕೂ ಹಿರಿಯರಾದ ಮಂಡೇಲಾ, ಸಿಸುಲು, ಗೋವನ್ ಎಂಬೆಕಿ ಅವರಿಗೆ ಚಡ್ಡಿ. ಆಫ್ರಿಕನ್ ಗಂಡಸು ಎಷ್ಟೇ ವಯಸ್ಸಾದರೂ ‘ಹುಡುಗ’ನೇ ಎಂಬುದನ್ನು ಬಟ್ಟೆಯಲ್ಲೇ ಹೊಲಿದಿಟ್ಟಿದ್ದರು. ಎಂಟನೆಯ ಅಪರಾಧಿ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರಾದ್ದರಿಂದ ಅವರನ್ನು ದ್ವೀಪಕ್ಕೇ ಕಳಿಸಲಿಲ್ಲ, ಪ್ರಿಟೋರಿಯಾದಲ್ಲಿ ಬೇರೆ ಇರಿಸಿದರು. ವರ್ಣಭೇದ ನೀತಿಯನ್ನು ವಿವರಿಸಲು ಇಡೀ ಒಂದು ಸಂಗ್ರಹಾಲಯವನ್ನು ಸುತ್ತಿದರೂ ದೊರೆಯದ ಸ್ಪಷ್ಟತೆ ಆ ಪಟ್ಟಿಯ ಮುಂದೆ ದೊರೆಯುತ್ತದೆ.

ಮಂಡೇಲಾ ಅವರ ರಾಜಕೀಯ ಶೈಲಿ ರೂಪುಗೊಂಡದ್ದು ಇಂಥ ಸಣ್ಣ ಜಗಳಗಳಲ್ಲಿ ಎಂಬುದು ಮಾರ್ಗದರ್ಶಕರ ಮಾತನ್ನು ಗಮನವಿಟ್ಟು ಕೇಳಿದರೆ ಹೊಳೆಯುತ್ತದೆ. ಚಡ್ಡಿ ಬೇಡ, ಪ್ಯಾಂಟು ಬೇಕು. ಅದೂ ನನಗೊಬ್ಬನಿಗಲ್ಲ, ಎಲ್ಲರಿಗೂ ಬೇಕು. ಮಲಗಲು ಚಾಪೆಯ ಬದಲು ಮಂಚ, ಓದಲು ಅನುಮತಿ, ವರ್ಷಕ್ಕೆ ಎರಡರ ಬದಲು ಇನ್ನಷ್ಟು ಪತ್ರಗಳು. ಮೊದಲ ವರ್ಷಗಳಲ್ಲಿ ಅವರ ದರ್ಜೆಯ ಕೈದಿಗಳಿಗೆ ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ ಮಾತ್ರ. ಪತ್ರ 500 ಪದ ಮೀರುವಂತಿಲ್ಲ. 1968ರಲ್ಲಿ ತಾಯಿ, ಮರುವರ್ಷ ರಸ್ತೆ ಅಪಘಾತದಲ್ಲಿ ಹಿರಿಯ ಮಗ ಥೆಂಬಿ ತೀರಿಕೊಂಡಾಗ ಎರಡು ಅಂತ್ಯಕ್ರಿಯೆಗಳಿಗೂ ಅವರನ್ನು ಬಿಡಲಿಲ್ಲ. ಇಂಥ ಆಡಳಿತದೊಡನೆ ವರ್ಷಗಟ್ಟಲೆ ಅರ್ಜಿ, ಉಪವಾಸ, ನಿಧಾನಗತಿಯ ಕೆಲಸ, ವಕೀಲಿ ವಾದಗಳ ಮೂಲಕ ಅಂಗುಲ ಅಂಗುಲವಾಗಿ ಗೆದ್ದುಕೊಂಡವರೇ ಮುಂದೆ ಆಡಳಿತ ಪಕ್ಷದೊಡನೆ ಸಂವಿಧಾನದ ಮಾತುಕತೆಗೆ ಕುಳಿತರು. ಎದುರಾಳಿಯನ್ನು ಅರಿಯಬೇಕೆಂದು ಮಂಡೇಲಾ ಸೆರೆಮನೆಯಲ್ಲಿ ಆಫ್ರಿಕಾನ್ಸ್ ಭಾಷೆ ಕಲಿತರು, ಆ ಭಾಷೆಯಾಡುವ ಬಿಳಿಯರಾದ ಬೋಯರ್ ಜನರ ಇತಿಹಾಸ ಓದಿದರು, ಕಾವಲುಗಾರರೊಡನೆ ಅವರ ಭಾಷೆಯಲ್ಲೇ ಮಾತಾಡಿದರು. ಕಿರಿಯ ಸಂಗಾತಿಗಳಲ್ಲಿ ಕೆಲವರಿಗೆ ಇದು ರುಚಿಸಿರಲಿಲ್ಲ. 1976ರ ಸೊವೆಟೊ ದಂಗೆಯ ಬಳಿಕ ದ್ವೀಪಕ್ಕೆ ಬಂದ ಯುವಕರು ಬೀದಿಗಿಳಿದದ್ದೇ ಶಾಲೆಗಳಲ್ಲಿ ಆಫ್ರಿಕಾನ್ಸ್ ಹೇರಿಕೆಯ ವಿರುದ್ಧ. ಅವರ ಕಣ್ಣಿಗೆ ಈ ಹಿರಿಯರು ತೀರ ಸಮಾಧಾನಿಗಳಾಗಿ ಕಂಡರು. ಈ ತಲೆಮಾರುಗಳ ತಿಕ್ಕಾಟದ ಕಥೆ ಎಷ್ಟು ಸಿಗುತ್ತದೆ ಎಂಬುದು ನಿಮ್ಮ ಮಾರ್ಗದರ್ಶಕರು ಯಾವ ತಲೆಮಾರಿನವರು, ಯಾವ ಪಕ್ಷದ ಹಿನ್ನೆಲೆಯವರು ಎಂಬುದರ ಮೇಲೆ ನಿಂತಿದೆ. ನನಗೆ ಅದು ಕೊರತೆಯಾಗಿ ಕಾಣಲಿಲ್ಲ. ಸಿದ್ಧ ಪಾಠ ಒಪ್ಪಿಸುವವರಿಗಿಂತ ತಮ್ಮ ಪಕ್ಷಪಾತವನ್ನು ಮುಚ್ಚಿಡದೆ ಮಾತಾಡುವವರು ಮೇಲು. ಅನುಮಾನವಿದ್ದರೆ ಪ್ರಶ್ನೆ ಕೇಳಬಹುದು, ಮತ್ತು ಕೇಳಲೇಬೇಕು. ಕೇಳದ ತಂಡಕ್ಕೆ ಅರ್ಧ ಪ್ರವಾಸವಷ್ಟೇ ಸಿಗುತ್ತದೆ.

ಇನ್ನು ಆ ಕೋಣೆ. ‘ಬಿ’ ವಿಭಾಗದ ಅಂಗಳವನ್ನು ದಾಟಿ ಒಳಗೆ ಹೋದರೆ ಉದ್ದನೆಯ ಓಣಿ, ಇಕ್ಕೆಲಗಳಲ್ಲಿ ಕೋಣೆಗಳು. ಕಂಬಿಯ ಬಾಗಿಲಿನಾಚೆ ನೆಲದ ಮೇಲೆ ಚಾಪೆ, ಮಡಿಸಿಟ್ಟ ಕಂಬಳಿಗಳು, ಒಂದು ಪುಟ್ಟ ಮೇಜು, ರಾತ್ರಿ ಶೌಚಕ್ಕೆಂದು ಇಟ್ಟ ಮುಚ್ಚಳದ ಡಬ್ಬಿ, ಅಂಗಳದ ಕಡೆಗೆ ಒಂದು ಕಿಟಕಿ. ಅಗಲ ಏಳು ಅಡಿ, ಉದ್ದ ಎಂಟು ಅಡಿಯಷ್ಟು. ಮಂಡೇಲಾ ಅವರ ಎತ್ತರ ಆರು ಅಡಿಗೂ ಮಿಗಿಲು ಎಂಬುದನ್ನು ನೆನೆದರೆ ಲೆಕ್ಕ ತಾನಾಗಿ ತಿಳಿಯುತ್ತದೆ. ಆದರೆ ಇಲ್ಲಿ ನಿಲ್ಲಲು ಸಿಗುವುದು ಕೆಲವೇ ಕ್ಷಣ. ಹಿಂದಿನವರು ತಳ್ಳುತ್ತಾರೆ, ಮುಂದಿನವರು ಫೋಟೊ ತೆಗೆಯುತ್ತಾರೆ, ಸಾಲು ಮುಂದಕ್ಕೆ ಸರಿಯುತ್ತದೆ. ಇಷ್ಟಕ್ಕೇ ಬಂದವರು ನಿರಾಶರಾಗಿ ಹೋಗುವುದನ್ನು ಕಂಡೆ. ಅವರಿಗೆ ನನ್ನ ಸಲಹೆ: ಕೋಣೆಯ ಮುಂದಿನ ನೂಕುನುಗ್ಗಲನ್ನು ಬಿಟ್ಟು ಅಂಗಳದಲ್ಲಿ ನಿಲ್ಲಿ. ಗಣಿಗೆ ಕಳಿಸುವ ಮುನ್ನ ಕೈದಿಗಳು ಸಾಲಾಗಿ ಕುಳಿತು ಕಲ್ಲು ಒಡೆದದ್ದು ಅಲ್ಲಿ. ಮಂಡೇಲಾ ಅಧಿಕಾರಿಗಳನ್ನು ಕಾಡಿ ಬೇಡಿ ಅನುಮತಿ ಪಡೆದು ತರಕಾರಿ ಬೆಳೆದದ್ದು ಅದೇ ಅಂಗಳದ ಅಂಚಿನಲ್ಲಿ. ಸಂಗಾತಿಗಳ ಒತ್ತಾಯದಿಂದ ರಾತ್ರಿಗಳಲ್ಲಿ ಗುಟ್ಟಾಗಿ ಬರೆದ ಆತ್ಮಕಥೆಯ ಹಾಳೆಗಳನ್ನು ಹೂತಿಟ್ಟದ್ದೂ ಅಲ್ಲಿಯೇ. 1977ರಲ್ಲಿ ಗೋಡೆ ಕಟ್ಟಲು ನೆಲ ಅಗೆದಾಗ ಆ ಹಾಳೆಗಳು ಸಿಕ್ಕಿಬಿದ್ದು, ಶಿಕ್ಷೆಯಾಗಿ ಓದಿನ ಸೌಲಭ್ಯವನ್ನು ವರ್ಷಗಟ್ಟಲೆ ಕಿತ್ತುಕೊಂಡರು. ಆದರೆ ಅಷ್ಟರಲ್ಲಿ ಬಿಡುಗಡೆಯಾಗಿದ್ದ ಸಹಕೈದಿ ಮ್ಯಾಕ್ ಮಹಾರಾಜ್ ಸೂಕ್ಷ್ಮಾಕ್ಷರಗಳಲ್ಲಿ ಬರೆದ ಪ್ರತಿಯನ್ನು ಹೊರಗೆ ಸಾಗಿಸಿದ್ದರು.

ಹೀಗೆ ದ್ವೀಪವು 1964ರಿಂದ 1982ರವರೆಗಿನ ಮಂಡೇಲಾ ಅವರನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಇದನ್ನು ದೋಷವೆನ್ನಲಾರೆ, ಸೆರೆಮನೆಯೊಂದು ತನ್ನ ಗೋಡೆಯೊಳಗೆ ನಡೆದದ್ದನ್ನೇ ತೋರಿಸಬೇಕು. ಆದರೆ ಮಾಜಿ ಅಧ್ಯಕ್ಷರ ರಾಜಕೀಯ ಬದುಕನ್ನು ತಿಳಿಯಲೆಂದು ಬಂದವರು ಇದನ್ನು ಪೂರ್ಣ ಕಥೆಯೆಂದು ಭಾವಿಸಿ ದೋಣಿ ಹತ್ತಿದರೆ ನಷ್ಟ ಅವರದೇ. ಹಿಂತಿರುಗುವ ದೋಣಿಯಲ್ಲಿ ಅಕ್ಕಪಕ್ಕದ ಮಾತು ಕೇಳಿದರೆ, 27 ವರ್ಷ ಸಹನೆಯಿಂದ ಕಾದು, ಹೊರಬಂದು, ಎಲ್ಲರನ್ನೂ ಕ್ಷಮಿಸಿ ಅಧ್ಯಕ್ಷರಾದ ಸಂತರೊಬ್ಬರ ಚಿತ್ರ ಹಲವರ ಮನಸ್ಸಿನಲ್ಲಿ ಮೂಡಿರುವುದು ತಿಳಿಯುತ್ತದೆ. ನಿಜವಾದ ರಾಜಕಾರಣಿ ಅದಕ್ಕಿಂತ ಸ್ವಾರಸ್ಯಕರ.

1982ರಲ್ಲಿ ಅವರನ್ನು ಕೇಪ್‌ಟೌನಿನ ಹೊರವಲಯದ ಪೋಲ್ಸ್‌ಮೂರ್ ಸೆರೆಮನೆಗೆ ಸಾಗಿಸಲಾಯಿತು. 1985ರಲ್ಲಿ ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ, ಹಿಂಸೆಯನ್ನು ತೊರೆದರೆ ಬಿಡುಗಡೆ ಮಾಡುವುದಾಗಿ ಹೇಳಿದಾಗ ಮಂಡೇಲಾ ತಿರಸ್ಕರಿಸಿದರು. ಆ ತಿರಸ್ಕಾರವನ್ನು ಮಗಳು ಜಿಂಡ್ಜಿ ಸೊವೆಟೊದ ಕ್ರೀಡಾಂಗಣದಲ್ಲಿ ಓದಿದರು. ಆದರೆ ಅದೇ ಕಾಲದಲ್ಲಿ ಅವರು ನ್ಯಾಯಾಂಗ ಸಚಿವ ಕೋಬಿ ಕೂಟ್ಸೀ ಅವರೊಡನೆ ಗುಟ್ಟಾಗಿ ಮಾತುಕತೆ ಆರಂಭಿಸಿದರು, ಅದೂ ಸಹಕೈದಿಗಳನ್ನೇ ಮೊದಲು ಕೇಳದೆ. ಪಕ್ಷದ ಸಾಮೂಹಿಕ ತೀರ್ಮಾನಕ್ಕೆ ತಲೆಬಾಗುವುದನ್ನು ಜೀವನವಿಡೀ ಬೋಧಿಸಿದವರು ಇಲ್ಲಿ ಒಬ್ಬಂಟಿಯಾಗಿ ಹೆಜ್ಜೆಯಿಟ್ಟರು; ನನ್ನ ಮಟ್ಟಿಗೆ ಅವರ ರಾಜಕೀಯ ಜೀವನದ ಅತಿ ದೊಡ್ಡ ಜೂಜು ಇದೇ. 1989ರ ಜುಲೈನಲ್ಲಿ ಕೈದಿಯಾಗಿದ್ದುಕೊಂಡೇ ಬೋಥಾ ಅವರನ್ನು ಕಂಡರು, ಡಿಸೆಂಬರಿನಲ್ಲಿ ಹೊಸ ಅಧ್ಯಕ್ಷ ಎಫ್. ಡಬ್ಲ್ಯು. ಡಿ ಕ್ಲರ್ಕ್ ಅವರನ್ನು. 1990ರ ಫೆಬ್ರವರಿ 2ರಂದು ಎಎನ್‌ಸಿ ಮೇಲಿನ ನಿಷೇಧ ತೆರವಾಯಿತು, 11ರಂದು ಪಾರ್ಲ್ ಬಳಿಯ ವಿಕ್ಟರ್ ವರ್ಸ್ಟರ್ ಸೆರೆಮನೆಯಿಂದ ಅವರು ಹೊರಬಂದರು. ಬಿಡುಗಡೆಯ ಪ್ರಸಿದ್ಧ ಚಿತ್ರ ರಾಬೆನ್ ದ್ವೀಪದ್ದೆಂದು ನಂಬಿದವರು ಇಂದಿಗೂ ಸಾಕಷ್ಟು ಮಂದಿ.

ಮುಂದಿನ ನಾಲ್ಕು ವರ್ಷ ರಕ್ತಸಿಕ್ತವಾದವು. ಬೊಯಿಪಟಾಂಗ್ ಹತ್ಯಾಕಾಂಡದ ಬಳಿಕ ಮಾತುಕತೆ ಮುರಿದುಬಿತ್ತು; 1993ರ ಏಪ್ರಿಲ್ 10ರಂದು ಕಮ್ಯುನಿಸ್ಟ್ ಪಕ್ಷದ ಜನಪ್ರಿಯ ನಾಯಕ ಕ್ರಿಸ್ ಹಾನಿ ಅವರ ಕೊಲೆಯಾದಾಗ ದೇಶ ಅಂತರ್ಯುದ್ಧದ ಅಂಚಿಗೆ ಬಂದಿತ್ತು. ಅಂದು ದೂರದರ್ಶನದಲ್ಲಿ ದೇಶವನ್ನು ಸಮಾಧಾನಪಡಿಸಿದ್ದು ಅಧಿಕಾರದಲ್ಲಿದ್ದ ಅಧ್ಯಕ್ಷರಲ್ಲ, ಇನ್ನೂ ಮತದಾನದ ಹಕ್ಕೇ ಇಲ್ಲದ ಮಂಡೇಲಾ. ಬಿಳಿಯ ಅಧಿಕಾರಿಗಳ ನೌಕರಿಗೆ ಭದ್ರತೆ, ಐದು ವರ್ಷ ಅಧಿಕಾರ ಹಂಚಿಕೆ ಎಂಬ ರಿಯಾಯಿತಿಗಳನ್ನು ಪಕ್ಷ ಒಪ್ಪಿಕೊಂಡದ್ದು ಕ್ಷಮೆಯ ಮಾತಲ್ಲ, ಲೆಕ್ಕಾಚಾರದ ಮಾತು. 1994ರ ಏಪ್ರಿಲ್ ಚುನಾವಣೆಯಲ್ಲಿ ಎಎನ್‌ಸಿಗೆ ಶೇ. 62ಕ್ಕೂ ಹೆಚ್ಚು ಮತ, 400ರಲ್ಲಿ 252 ಸ್ಥಾನ ಬಂದವು. ಮೂರನೇ ಎರಡರಷ್ಟು ಬಹುಮತ ಬಾರದಿದ್ದುದು ಮಂಡೇಲಾ ಅವರಿಗೆ ನೆಮ್ಮದಿ ತಂದಿತ್ತು. ಸಂವಿಧಾನವನ್ನು ಒಂದೇ ಪಕ್ಷ ಬರೆಯಿತೆಂಬ ಆಪಾದನೆ ತಪ್ಪಿತಲ್ಲ ಎಂಬುದು ಅವರ ಎಣಿಕೆ.

ಮೇ 10ರಂದು ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದ ಅಧ್ಯಕ್ಷರ ಐದು ವರ್ಷಗಳ ಬಗ್ಗೆ ದ್ವೀಪದಲ್ಲಿ ಕೇಳಸಿಗುವುದು ತೀರ ಕಡಿಮೆ. ಎದುರಾಳಿಗಳನ್ನು ಒಲಿಸಿಕೊಳ್ಳುವ ಕಲೆಯಲ್ಲಿ ಅವರಿಗೆ ಸಾಟಿಯಿರಲಿಲ್ಲ: 1995ರ ರಗ್ಬಿ ವಿಶ್ವಕಪ್ ಫೈನಲ್ಲಿನಲ್ಲಿ ನಾಯಕನ 6ನೆಯ ಸಂಖ್ಯೆಯ ಅಂಗಿ ತೊಟ್ಟು ಬಂದರು, ವರ್ಣಭೇದ ನೀತಿಯ ಶಿಲ್ಪಿ ವೆರ್ವುರ್ಡ್ ಅವರ ವಿಧವೆಯನ್ನು ಬಿಳಿಯರಷ್ಟೇ ವಾಸಿಸುವ ಒರಾನಿಯಾ ಎಂಬ ಊರಿಗೆ ಹೋಗಿ ಕಂಡರು, ತಮಗೆ ಗಲ್ಲು ಬಯಸಿದ್ದ ಸರ್ಕಾರದ ಪರ ವಾದಿಸಿದ ಪರ್ಸಿ ಯೂಟರ್ ಅವರನ್ನು ಊಟಕ್ಕೆ ಕರೆದರು. ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ಕೆಲಸ ಆರಂಭಿಸಿದ್ದು, ಹೊಸ ಸಂವಿಧಾನಕ್ಕೆ 1996ರ ಡಿಸೆಂಬರ್ 10ರಂದು ಶಾರ್ಪ್‌ವಿಲ್‌ನಲ್ಲಿಯೇ ಸಹಿ ಬಿದ್ದದ್ದು ಈ ಅವಧಿಯಲ್ಲಿ. ಆದರೆ ಭೂಮಿಯ, ಸಂಪತ್ತಿನ ಹಂಚಿಕೆ ಹೆಚ್ಚೇನೂ ಬದಲಾಗಲಿಲ್ಲ. 1996ರಲ್ಲಿ ಒಪ್ಪಿಕೊಂಡ ಉದಾರೀಕರಣದ ಆರ್ಥಿಕ ನೀತಿಯನ್ನು ಮಿತ್ರಪಕ್ಷಗಳೇ ಟೀಕಿಸಿದವು. ಏಡ್ಸ್ ಹರಡುತ್ತಿದ್ದಾಗ ಸರ್ಕಾರ ಮಾಡಬೇಕಾದಷ್ಟು ಮಾಡಲಿಲ್ಲ. ನಿವೃತ್ತಿಯ ನಂತರ ಅವರು ಆ ಲೋಪವನ್ನು ತುಂಬಲು ದುಡಿದರು. 2005ರಲ್ಲಿ ಮಗ ಮಕ್ಗಾಥೊ ತೀರಿಕೊಂಡಾಗ ಕಾರಣ ಏಡ್ಸ್ ಎಂದು ಬಹಿರಂಗವಾಗಿ ಹೇಳಿದರು. 1964ರಲ್ಲಿ ದ್ವೀಪಕ್ಕೆ ಬಂದ 466ನೆಯ ಕೈದಿ ಎಂಬರ್ಥದ ತಮ್ಮ ಸಂಖ್ಯೆ 46664 ಅನ್ನು ಆ ಜಾಗೃತಿ ಅಭಿಯಾನಕ್ಕೆ ಹೆಸರಾಗಿ ಕೊಟ್ಟರು. 1999ರಲ್ಲಿ ಒಂದೇ ಅವಧಿಗೆ ಅಧಿಕಾರ ಬಿಟ್ಟರು. ಇದೇ ಸೆರೆಮನೆಯಲ್ಲಿದ್ದ ಇನ್ನಿಬ್ಬರು, ಕ್ಗಲೇಮಾ ಮೊಟ್ಲಾಂಟೆ ಮತ್ತು ಜೇಕಬ್ ಜುಮಾ, ಮುಂದೆ ಅದೇ ಹುದ್ದೆಗೇರಿದರು. ಸೆರೆಮನೆ ಎಲ್ಲರನ್ನೂ ಒಂದೇ ಬಗೆಯಲ್ಲಿ ರೂಪಿಸುತ್ತದೆ ಎಂದು ನಂಬುವವರು ಭ್ರಷ್ಟಾಚಾರದ ಆರೋಪಗಳಿಗೆ ಹೆಸರಾದ ಜುಮಾ ಅವರ ಆಳ್ವಿಕೆಯನ್ನು ಒಮ್ಮೆ ನೋಡಬೇಕು.

ಆದ್ದರಿಂದ ದ್ವೀಪದಿಂದ ಮರಳಿದ ದಿನವೇ ಕೇಪ್‌ಟೌನ್ ಸಿಟಿ ಹಾಲ್‌ಗೂ ಹೋಗಿ ಬನ್ನಿ. ಬಿಡುಗಡೆಯಾದ ಸಂಜೆ ಮಂಡೇಲಾ ಮಾತಾಡಿದ ಬಾಲ್ಕನಿಯಲ್ಲಿ 2018ರಿಂದ ಅವರ ಪ್ರತಿಮೆ ನಿಂತಿದೆ. ಬಾಡಿಗೆ ಕಾರು ಇದ್ದವರು ಪಾರ್ಲ್ ದಾರಿಯಲ್ಲಿ, ಈಗ ಡ್ರಾಕೆನ್‌ಸ್ಟೈನ್ ಎಂದು ಹೆಸರಾಗಿರುವ ವಿಕ್ಟರ್ ವರ್ಸ್ಟರ್ ಸೆರೆಮನೆಯ ಹೆಬ್ಬಾಗಿಲ ಹೊರಗಿನ ಪ್ರತಿಮೆಯನ್ನು ನೋಡಬಹುದು. ಅದು ಇಂದಿಗೂ ನಡೆಯುತ್ತಿರುವ ಸೆರೆಮನೆ, ಒಳಗೆ ಬಿಡುವುದಿಲ್ಲ. ಜೊಹಾನ್ಸ್‌ಬರ್ಗಿಗೂ ಹೋಗುವವರಿಗೆ ಸೊವೆಟೊದ ವಿಲಕಾಜಿ ಬೀದಿಯ ಮನೆ ಮತ್ತು ಹಳೆಯ ಸೆರೆಮನೆಯ ಆವರಣದಲ್ಲೇ ಸಂವಿಧಾನ ನ್ಯಾಯಾಲಯವನ್ನು ಕಟ್ಟಿರುವ ಕಾನ್‌ಸ್ಟಿಟ್ಯೂಷನ್ ಹಿಲ್ ಉಳಿದ ಕಥೆಯನ್ನು ತುಂಬಿಕೊಡುತ್ತವೆ.

ತೀರ ಚಿಕ್ಕ ಮಕ್ಕಳಿಗೆ ಈ ಪ್ರವಾಸ ದೀರ್ಘವಾಗುತ್ತದೆ. ಹತ್ತು ಹನ್ನೆರಡು ದಾಟಿದವರು ಆಹಾರದ ಪಟ್ಟಿಯ ಮುಂದೆ ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಾರೆ. ವಿವರಣೆ ಇಂಗ್ಲಿಷಿನಲ್ಲಿ ಇರುತ್ತದೆ, ಉಚ್ಚಾರಣೆಗೆ ಕಿವಿ ಒಗ್ಗಲು ಐದು ನಿಮಿಷ ಬೇಕು. ಹಿಂದೆ ಉಳಿಯದೆ ಮಾರ್ಗದರ್ಶಕರ ಹತ್ತಿರವೇ ನಡೆಯಿರಿ. ಕೊನೆಯ ರಾಜಕೀಯ ಕೈದಿಗಳು ದ್ವೀಪವನ್ನು ಬಿಟ್ಟದ್ದು 1991ರಲ್ಲಿ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೂ ಈಗ ಐವತ್ತು ದಾಟಿದೆ, ಹಿರಿಯರಲ್ಲಿ ಬಹುತೇಕರು ತೀರಿಕೊಂಡಿದ್ದಾರೆ. ಧ್ವನಿಮುದ್ರಿತ ವಿವರಣೆ ಇವರ ಜಾಗವನ್ನು ತುಂಬಲಾರದು. ದಕ್ಷಿಣ ಆಫ್ರಿಕಾ ಪ್ರವಾಸವನ್ನು ಮುಂದಕ್ಕೆ ಹಾಕುತ್ತ ಬಂದವರಿಗೆ ಬೇಗ ಹೊರಡಲು ಇದಕ್ಕಿಂತ ಬಲವಾದ ಕಾರಣ ನನಗೆ ತೋರುವುದಿಲ್ಲ. ಡಿಸೆಂಬರ್, ಜನವರಿ ತಿಂಗಳು ಅಲ್ಲಿನ ರಜಾಕಾಲವಾದ್ದರಿಂದ ಟಿಕೆಟ್ಟುಗಳು ವಾರಗಟ್ಟಲೆ ಮೊದಲೇ ಮುಗಿದಿರಬಹುದು. ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ದೋಣಿಯದನ್ನೂ ಕಾಯ್ದಿರಿಸಿ, ಸಾಧ್ಯವಾದರೆ ಬೆಳಗಿನ ಮೊದಲ ದೋಣಿಯನ್ನೇ ಆರಿಸಿಕೊಳ್ಳಿ.